ಐಸಿ-38 ಪರೀಕ್ಷೆ: ಪ್ರಶ್ನೆಸಂಗ್ರಹ ಬಾಯಿಪಾಠ ಮಾಡಿದರೆ ಸಾಕೇ, ಪುಸ್ತಕ ಓದಲೇಬೇಕೇ?

ಸೊರಬದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಮಹಿಳೆಯರಿಗಾಗಿ ಇರುವ ಎಲ್‌ಐಸಿಯ ಬಿಮಾ ಸಖಿ ಯೋಜನೆಯಲ್ಲಿ ಜೀವ ವಿಮಾ ಏಜೆಂಟ್ ಆಗಲು ಅರ್ಜಿ ಹಾಕಿದ್ದೇನೆ. ತರಬೇತಿ ಮುಗಿದಿದೆ, ಮುಂದಿನ ವಾರ ಐಸಿ-38 ಪರೀಕ್ಷೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಹಳ ವರ್ಷಗಳಾದವು. ಮದುವೆ, ಮಕ್ಕಳು, ತೋಟ ಎಂದು ಓದು ಅಲ್ಲಿಗೇ ನಿಂತಿತ್ತು. ಸ್ವಸಹಾಯ ಸಂಘದ ಲೆಕ್ಕಪುಸ್ತಕ ಮಾತ್ರ ನಾನೇ ಬರೆಯುತ್ತೇನೆ.

ಕನ್ನಡದಲ್ಲಿಯೇ ಪರೀಕ್ಷೆ ಬರೆಯುವವಳು. ಕನ್ನಡ ಪುಸ್ತಕ ಸಿಕ್ಕಿದೆ, ಆದರೆ ಬಹಳ ದಪ್ಪ. ನನ್ನ ಜೊತೆ ತರಬೇತಿಗೆ ಬಂದವರು "ಪುಸ್ತಕ ಮುಟ್ಟಬೇಡ, ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರಶ್ನೆಸಂಗ್ರಹವನ್ನು ಬಾಯಿಪಾಠ ಮಾಡು, ಪಾಸಾಗುತ್ತೀಯ" ಎನ್ನುತ್ತಿದ್ದಾರೆ. ನನಗೆ ಪಾಸಾಗುವುದೂ ಬೇಕು, ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳುವುದೂ ಬೇಕು. ಲೆಕ್ಕದ ಪ್ರಶ್ನೆಗಳೆಂದರೆ ಇನ್ನೂ ಸ್ವಲ್ಪ ಭಯ. ತಿಳಿದವರು ದಾರಿ ತೋರಿಸಿ.

ದಾವಣಗೆರೆ ಬಿ.ಕಾಂ.

ಅಕ್ಕ, ಹೆದರಬೇಡಿ. ಒಟ್ಟು 50 ಪ್ರಶ್ನೆ, ಒಂದು ಗಂಟೆ ಸಮಯ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಾಸಾಗಲು ಶೇ. 35 ಸಾಕು, ಅಂದರೆ 18 ಪ್ರಶ್ನೆ ಸರಿಯಾದರೆ ಆಯಿತು. ನಾನು ಪ್ರಶ್ನೆಸಂಗ್ರಹವನ್ನೇ ತಿರುವಿ ಹಾಕಿ ಪಾಸಾದೆ. ಪುಸ್ತಕವನ್ನೆಲ್ಲ ಓದುತ್ತಾ ಕುಳಿತರೆ ಒಂದು ವಾರ ಎಲ್ಲಿ ಸಾಲುತ್ತದೆ? ಮೊದಲು ಲೈಸೆನ್ಸ್ ಕೈಗೆ ಬರಲಿ, ಕೆಲಸ ಮಾಡುತ್ತಾ ಮಾಡುತ್ತಾ ಉಳಿದದ್ದು ತಾನಾಗಿಯೇ ಬರುತ್ತದೆ.

ನಿವೃತ್ತ ಶಾಖಾಧಿಕಾರಿ, ಹಾಸನ

ಶೇ. 35 ಎಂಬುದು ನಿಜ. ಆದರೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪ್ರಶ್ನೆಸಂಗ್ರಹಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅವುಗಳಲ್ಲಿ ಹಲವು ಹಳೆಯವು. ಮೊನ್ನೆ ನಮ್ಮ ಊರಿನ ಹುಡುಗಿಯೊಬ್ಬಳು ತಂದು ತೋರಿಸಿದ ಪಿಡಿಎಫ್‌ನಲ್ಲಿ 45ನೇ ಸೆಕ್ಷನ್ನಿನ ಅವಧಿ, ಅಂದರೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದಾದ ಕಾಲ, "ಎರಡು ವರ್ಷ" ಎಂದು ಗುರುತು ಹಾಕಿತ್ತು. ವಿಮಾ ಕಾಯ್ದೆ 1938ಕ್ಕೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ ಅದು ಮೂರು ವರ್ಷವಾಗಿದೆ. ಅದೇ ಪಿಡಿಎಫ್‌ನಲ್ಲಿ ಫ್ರೀ ಲುಕ್ ಅವಧಿ 15 ದಿನ ಎಂದಿತ್ತು. 2024ರಿಂದ ಅದು 30 ದಿನ: ಪಾಲಿಸಿ ಪತ್ರ ಕೈಗೆ ಬಂದ ದಿನದಿಂದ 30 ದಿನಗಳೊಳಗೆ ಗ್ರಾಹಕ ಬೇಡವೆಂದು ಹಿಂದಿರುಗಿಸಬಹುದು. ವಿಮಾ ಒಂಬುಡ್ಸ್‌ಮನ್ (ವಿಮಾ ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಕೊಡಿಸಬಹುದಾದ ಪರಿಹಾರದ ಮಿತಿಯನ್ನೂ 20 ಲಕ್ಷ ಎಂದು ಬರೆದಿದ್ದರು. ಅದು 30 ಲಕ್ಷಕ್ಕೆ ಏರಿ ಈಗ 50 ಲಕ್ಷದಲ್ಲಿದೆ. ಹುಡುಗಿ ಎಲ್ಲವನ್ನೂ ಶ್ರದ್ಧೆಯಿಂದ ಉರು ಹೊಡೆದಿದ್ದಳು. ಅವಳ ಶ್ರಮ ನೋಡಿ ನನಗೆ ಸಂಕಟವಾಯಿತು.

ಆದ್ದರಿಂದ ಸೊರಬದ ತಾಯಿಗೆ ನನ್ನ ಸಲಹೆ ಇಷ್ಟು. ತರಬೇತಿಯಲ್ಲಿ ಕೊಟ್ಟ ಪುಸ್ತಕದ ಆವೃತ್ತಿ ಯಾವುದೆಂದು ನೋಡಿ, ಇತ್ತೀಚಿನದಾಗಿದ್ದರೆ ಅದನ್ನೇ ಹಿಡಿಯಿರಿ. ಪ್ರತಿ ಅಧ್ಯಾಯದ ಕೊನೆಯಲ್ಲಿ ಪ್ರಶ್ನೆಗಳಿರುತ್ತವೆ. ಮೊದಲು ಪ್ರಶ್ನೆ ನೋಡಿ, ಆಮೇಲೆ ಅಧ್ಯಾಯದೊಳಗೆ ಹೋಗಿ ಉತ್ತರ ಹುಡುಕಿ. ಹೀಗೆ ಹುಡುಕಿ ಓದಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಇತಿಹಾಸದ ಅಧ್ಯಾಯಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ: 1818ರಲ್ಲಿ ಕಲ್ಕತ್ತಾದ ಓರಿಯಂಟಲ್, 1870ರಲ್ಲಿ ಬಾಂಬೆ ಮ್ಯೂಚುವಲ್, 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಗ್ಗೂಡಿಸಿ ಎಲ್‌ಐಸಿ, ವಿಮಾ ಕ್ಷೇತ್ರದ ಸುಧಾರಣೆಗೆ ನೇಮಿಸಿದ ಮಲ್ಹೋತ್ರಾ ಸಮಿತಿ, ವಿಮಾ ನಿಯಂತ್ರಣ ಪ್ರಾಧಿಕಾರ ತಂದ 1999ರ ಐಆರ್‌ಡಿಎ ಕಾಯ್ದೆ. ಇಷ್ಟು ಗೊತ್ತಿದ್ದರೆ ಆ ಭಾಗ ಮುಗಿಯಿತು.

ಹೆಚ್ಚು ಸಮಯ ಕೊಡಬೇಕಾದದ್ದು ವಿಮಾ ಒಪ್ಪಂದದ ತತ್ವಗಳಿಗೆ, ಪಾಲಿಸಿಗೆ ಅರ್ಜಿಯಾಗಿ ತುಂಬುವ ಪ್ರಪೋಸಲ್ ಫಾರಂಗೆ, ನಾಮಿನಿ ಮತ್ತು ಪಾಲಿಸಿಯ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವ ಅಸೈನ್‌ಮೆಂಟ್‌ಗೆ, ಕ್ಲೇಮ್‌ಗೆ.

ದಾವಣಗೆರೆ ಬಿ.ಕಾಂ.

ಸರ್, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೂ ಪರೀಕ್ಷೆಯ ಮಟ್ಟಿಗೆ ಹೇಳುವುದಾದರೆ, ನಾಲ್ಕೈದು ಹಳೆಯ ಉತ್ತರ ತಪ್ಪಿದರೂ 18 ದಾಟುವುದು ಕಷ್ಟವಲ್ಲ. ಮನೆ, ಮಕ್ಕಳು, ತೋಟ ನೋಡಿಕೊಂಡು ಓದುವವರಿಗೆ ಸುಲಭದ ದಾರಿ ಹೇಳುವುದರಲ್ಲಿ ತಪ್ಪೇನಿದೆ?

ಬೆಳ್ತಂಗಡಿಯವಳು

ತಪ್ಪೇನಿದೆ ಎಂದು ಕೇಳಿದಿರಲ್ಲ, ನಮ್ಮ ಮನೆಯ ಕಥೆ ಹೇಳುತ್ತೇನೆ.

ನಮ್ಮ ತಂದೆ ಒಂದು ಖಾಸಗಿ ಕಂಪನಿಯಲ್ಲಿ ಪಾಲಿಸಿ ಮಾಡಿಸಿದ್ದರು. ಅದಕ್ಕೂ ಮೊದಲಿನಿಂದಲೇ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಏಜೆಂಟ್ ನಮ್ಮ ಜಗಲಿಯಲ್ಲಿ ಕುಳಿತೇ ಫಾರಂ ತುಂಬಿದರು. ಆರೋಗ್ಯದ ಪ್ರಶ್ನೆಗಳ ಪುಟಕ್ಕೆ ಬಂದಾಗ ಒಂದೊಂದನ್ನೂ ಕೇಳಲಿಲ್ಲ, ಮೇಲಿನಿಂದ ಕೆಳಗಿನವರೆಗೆ "ಇಲ್ಲ" ಎಂಬ ಕಡೆ ಗೆರೆ ಎಳೆದು "ಇಲ್ಲಿ ಸಹಿ ಹಾಕಿ" ಎಂದರು. ತಂದೆ "ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ" ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. "ಅದೆಲ್ಲ ಈಗ ಎಲ್ಲರಿಗೂ ಇದೆ, ಬರೆದರೆ ಸುಮ್ಮನೆ ಮೆಡಿಕಲ್ ಪರೀಕ್ಷೆಗೆ ಅಲೆದಾಡಿಸುತ್ತಾರೆ" ಎಂಬ ಉತ್ತರ ಬಂತು. ಎರಡನೆಯ ವರ್ಷ ತಂದೆ ಪಾರ್ಶ್ವವಾಯುವಿನಿಂದ ತೀರಿಕೊಂಡರು. ಆಸ್ಪತ್ರೆಯ ದಾಖಲೆಯಲ್ಲಿ ಹಳೆಯ ಬಿಪಿಯ ವಿಷಯವಿತ್ತು. ಕ್ಲೇಮ್ ತಿರಸ್ಕೃತವಾಯಿತು. ಕಟ್ಟಿದ ಕಂತಿನ ಹಣವಷ್ಟೇ ವಾಪಸ್ ಬಂತು.

ಆ ಏಜೆಂಟ್ ಕೂಡ ಇದೇ ಪರೀಕ್ಷೆ ಪಾಸಾದವರೇ.

ಚಿತ್ರದುರ್ಗದ ಏಜೆಂಟ್

ಬೆಳ್ತಂಗಡಿಯ ಸಹೋದರಿ, ಓದಿ ಮನಸ್ಸಿಗೆ ಬಹಳ ನೋವಾಯಿತು. ನಮ್ಮ ವೃತ್ತಿಯಲ್ಲಿ ಇಂಥವರು ಇದ್ದಾರೆ ಎಂಬುದನ್ನು ಅಲ್ಲಗಳೆಯಲಾರೆ. ಏಜೆಂಟನೇ ಪ್ರಾಥಮಿಕ ಅಂಡರ್‌ರೈಟರ್ ಎಂದು, ಅಂದರೆ ಗ್ರಾಹಕನ ಅಪಾಯವನ್ನು ಮೊದಲು ಅಳೆಯುವವನು ಎಂದು ಪುಸ್ತಕದಲ್ಲಿ ಬರೆದಿದೆ. ಕಚೇರಿಯಲ್ಲಿ ಕುಳಿತವರಿಗೆ ಗ್ರಾಹಕನ ಮುಖ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಅದಕ್ಕಾಗಿಯೇ ನಮ್ಮಿಂದ ಗೌಪ್ಯ ವರದಿ ಕೇಳುತ್ತಾರೆ. "ಪ್ರಾಥಮಿಕ ಅಂಡರ್‌ರೈಟರ್ ಯಾರು?" ಎಂಬ ಪ್ರಶ್ನೆಗೆ ಅರ್ಥ ತಿಳಿಯದೆ ಟಿಕ್ ಹಾಕಿದವನು ಜಗಲಿಯಲ್ಲಿ ಕುಳಿತು ಹೀಗೆ ಗೆರೆ ಎಳೆಯುತ್ತಾನೆ.

ನಿವೃತ್ತ ಶಾಖಾಧಿಕಾರಿ, ಹಾಸನ

ಮಗಳೇ, ನಿಮ್ಮ ತಂದೆಯವರ ವಿಷಯ ತಿಳಿದು ದುಃಖವಾಯಿತು. ಇದೇ ಪ್ರಕರಣವನ್ನು ಇಟ್ಟುಕೊಂಡು 45ನೇ ಸೆಕ್ಷನ್ ವಿವರಿಸುತ್ತೇನೆ. ಪರೀಕ್ಷೆ ಬರೆಯುವವರು ಗಮನವಿಟ್ಟು ಓದಿ.

ಪಾಲಿಸಿ ನೀಡಿದ ದಿನ, ರಿಸ್ಕ್ (ವಿಮಾ ರಕ್ಷಣೆ) ಆರಂಭವಾದ ದಿನ, ಕಂತು ಕಟ್ಟದೆ ಲ್ಯಾಪ್ಸ್ ಆದದ್ದನ್ನು ಪುನಶ್ಚೇತನಗೊಳಿಸಿದ ದಿನ, ರೈಡರ್ (ಹೆಚ್ಚುವರಿ ರಕ್ಷಣೆ) ಸೇರಿಸಿದ ದಿನ, ಈ ನಾಲ್ಕರಲ್ಲಿ ಯಾವುದು ಕೊನೆಯದೋ ಅಲ್ಲಿಂದ ಮೂರು ವರ್ಷ ಎಣಿಸಬೇಕು. ಮೂರು ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ ಕಂಪನಿ ಆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದ ಒಳಗೆ ಎರಡು ದಾರಿಗಳಿವೆ. ವಂಚನೆಯ ಕಾರಣ ಕೊಟ್ಟು ತಿರಸ್ಕರಿಸುವುದು ಒಂದು, ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿದ್ದಾರೆ ಅಥವಾ ಮುಚ್ಚಿಟ್ಟಿದ್ದಾರೆ ಎಂದು ತಿರಸ್ಕರಿಸುವುದು ಇನ್ನೊಂದು. ವಂಚನೆಯಲ್ಲದ ಎರಡನೆಯ ಸಂದರ್ಭದಲ್ಲಿ ಅಲ್ಲಿಯವರೆಗೆ ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂದಿರುಗಿಸಬೇಕು. ನಿಮ್ಮ ಮನೆಯವರಿಗೆ ಕಂತಿನ ಹಣ ಬಂದಿರುವುದು ಈ ನಿಯಮದಿಂದಲೇ ಇರಬೇಕು.

ಪುನಶ್ಚೇತನದ ವಿಷಯವನ್ನು ಬಹಳ ಏಜೆಂಟರು ಗ್ರಾಹಕರಿಗೆ ಹೇಳುವುದೇ ಇಲ್ಲ. ಹತ್ತು ವರ್ಷದ ಹಳೆಯ ಪಾಲಿಸಿ ಲ್ಯಾಪ್ಸ್ ಆಗಿ, ಅದನ್ನು ಮತ್ತೆ ಚಾಲ್ತಿಗೆ ತಂದರೆ ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಕಂತು ತಪ್ಪದಂತೆ ನೋಡಿಕೊಳ್ಳುವುದು ಏಜೆಂಟನ ದೊಡ್ಡ ಕೆಲಸ. ಮಾಸಿಕ ಕಂತಿಗೆ 15 ದಿನ, ತ್ರೈಮಾಸಿಕ, ಅರ್ಧವಾರ್ಷಿಕ, ವಾರ್ಷಿಕ ಕಂತುಗಳಿಗೆ 30 ದಿನ ಗ್ರೇಸ್ ಅವಧಿ, ಅಂದರೆ ಕಂತಿನ ದಿನ ಕಳೆದ ಮೇಲೂ ಕಟ್ಟಲು ಸಿಗುವ ಕಾಲ. ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುತ್ತಾರೆ.

ಸೊರಬದ ಗೃಹಿಣಿ

ಬೆಳ್ತಂಗಡಿಯ ಅಕ್ಕ, ನಿಮ್ಮ ಮಾತು ಓದಿದ ಮೇಲೆ ಪ್ರಶ್ನೆಸಂಗ್ರಹವನ್ನು ಪಕ್ಕಕ್ಕಿಟ್ಟೆ.

ಸರ್, ಒಂದು ಸಂಶಯ. ಗ್ರೇಸ್ ಅವಧಿ 31 ದಿನ ಎಂದು ಯೂಟ್ಯೂಬ್‌ನಲ್ಲಿ ನೋಡಿದ್ದೆ. ಆತ್ಮಹತ್ಯೆಯ ಷರತ್ತು ಎರಡು ವರ್ಷ ಎಂದೂ ಅದರಲ್ಲಿಯೇ ಹೇಳಿದರು. ಪುಸ್ತಕದಲ್ಲಿ ಬೇರೆ ಇದೆ. ಯಾವುದು ಸರಿ?

ಡಲ್ಲಾಸ್ ಕನ್ನಡಿಗ

ಇದಕ್ಕೆ ನಾನು ಉತ್ತರಿಸಬಲ್ಲೆ. ನೀವು ನೋಡಿರುವುದು ಅಮೆರಿಕದ ಪರೀಕ್ಷೆಯ ವಿಡಿಯೊ. ಇಲ್ಲಿ ವಿಮೆಯ ಲೈಸೆನ್ಸನ್ನು ಆಯಾ ರಾಜ್ಯವೇ ಕೊಡುತ್ತದೆ, ಪರೀಕ್ಷೆಯೂ ರಾಜ್ಯದ್ದೇ. ನಾನು ಟೆಕ್ಸಾಸ್‌ನಲ್ಲಿ ಬರೆದೆ. ಪಾಸಾಗಲು 70 ಬೇಕು, ಬೆರಳಚ್ಚನ್ನೂ ಕೊಡಬೇಕು. ಟೆಕ್ಸಾಸ್‌ನಲ್ಲಿ ಪರೀಕ್ಷೆಗೆ ಮೊದಲು ಕಡ್ಡಾಯ ತರಗತಿ ಇಲ್ಲ, ನ್ಯೂಯಾರ್ಕ್‌ನಲ್ಲಿ ಇದೆ. ಪಾಲಿಸಿಯನ್ನು ಪ್ರಶ್ನಿಸುವ ಅವಧಿ ಇಲ್ಲಿ ಎರಡು ವರ್ಷ, ಆತ್ಮಹತ್ಯೆಯ ಷರತ್ತು ಹೆಚ್ಚಿನ ರಾಜ್ಯಗಳಲ್ಲಿ ಎರಡು ವರ್ಷ. ಭಾರತದ ಲೆಕ್ಕವೇ ಬೇರೆ.

ಇಂಗ್ಲಿಷಿನಲ್ಲಿ "ಜೀವ ವಿಮಾ ಪರೀಕ್ಷೆ" ಎಂದು ಹುಡುಕಿದರೆ ಇಲ್ಲಿನ ವಿಡಿಯೊಗಳೇ ಸಾಲುಸಾಲಾಗಿ ಬರುತ್ತವೆ. ಹುಡುಕುವಾಗ ಐಸಿ-38 ಎಂದು ಸೇರಿಸಿ. ತತ್ವಗಳು ಎರಡೂ ಕಡೆ ಒಂದೇ, ಅವಧಿಗಳು ಮತ್ತು ಕಾಯ್ದೆಗಳು ಮಾತ್ರ ಬೇರೆ. ಮಂಡ್ಯದಲ್ಲಿರುವ ನನ್ನ ಅತ್ತಿಗೆಯೂ ಐಸಿ-38ಕ್ಕೆ ಓದುತ್ತಿದ್ದಾರೆ, ಅವರಿಗೂ ಇದೇ ಮಾತು ಹೇಳಿದ್ದೇನೆ.

ನಿವೃತ್ತ ಶಾಖಾಧಿಕಾರಿ, ಹಾಸನ

ಸರಿಯಾಗಿ ಹೇಳಿದಿರಿ. ನಮ್ಮಲ್ಲಿ ಆತ್ಮಹತ್ಯೆಯ ಷರತ್ತು 12 ತಿಂಗಳು. ರಿಸ್ಕ್ ಆರಂಭದಿಂದ ಅಥವಾ ಪುನಶ್ಚೇತನದಿಂದ 12 ತಿಂಗಳೊಳಗೆ ಹಾಗಾದರೆ ವಿಮಾ ಮೊತ್ತ ಸಿಗುವುದಿಲ್ಲ, ಸಾಮಾನ್ಯ ಪಾಲಿಸಿಗಳಲ್ಲಿ ಕಟ್ಟಿದ ಕಂತಿನ ಕನಿಷ್ಠ ಶೇ. 80ರಷ್ಟು ಕೊಡುತ್ತಾರೆ.

ಗದಗಿನ ಶಿಕ್ಷಕ

ಲೆಕ್ಕದ ಭಯಕ್ಕೆ ನಾನು ಸಹಾಯ ಮಾಡುತ್ತೇನೆ. ಸಂಘದ ಬಡ್ಡಿ ಲೆಕ್ಕ ಬರೆಯುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೂರು ಬಗೆಯ ಲೆಕ್ಕ ಬಂದರೆ ಸಾಕು.

ಮೊದಲನೆಯದು ಮಾನವ ಜೀವ ಮೌಲ್ಯ. ಇದು ಅಮೆರಿಕದ ಪ್ರೊಫೆಸರ್ ಹ್ಯೂಬ್ನರ್ ಅವರ ಕಲ್ಪನೆ, ಅವರ ಹೆಸರನ್ನೂ ಕೇಳಬಹುದು. ದುಡಿಯುವ ವ್ಯಕ್ತಿ ವರ್ಷಕ್ಕೆ 3,00,000 ರೂಪಾಯಿ ಗಳಿಸುತ್ತಾನೆ, ತನ್ನ ಸ್ವಂತಕ್ಕೆ 60,000 ಖರ್ಚು ಮಾಡುತ್ತಾನೆ ಎಂದುಕೊಳ್ಳಿ. ಮನೆಯವರ ಪಾಲಿಗೆ ಉಳಿಯುವುದು 2,40,000. ಅವನು ಇಲ್ಲವಾದರೆ ಇಷ್ಟೇ ಹಣ ವರ್ಷಾವರ್ಷ ಬಡ್ಡಿಯಾಗಿ ಬರಬೇಕಾದರೆ ಬ್ಯಾಂಕಿನಲ್ಲಿ ಎಷ್ಟಿರಬೇಕು? ಬಡ್ಡಿ ಶೇ. 8 ಆದರೆ 2,40,000ವನ್ನು 0.08ರಿಂದ ಭಾಗಿಸಿ. 30 ಲಕ್ಷ. ಅಷ್ಟು ವಿಮೆ ಅವನಿಗೆ ಬೇಕು. ಭಾಗಿಸುವಾಗ ಸ್ವಂತ ಖರ್ಚು ಕಳೆಯುವುದನ್ನು ಮರೆತರೆ 37.5 ಲಕ್ಷ ಬರುತ್ತದೆ, ಅಂಥ ಉತ್ತರವೂ ಆಯ್ಕೆಗಳಲ್ಲಿ ಇರಬಹುದು.

ಎರಡನೆಯದು ಪೇಡ್‌ಅಪ್ ಮೌಲ್ಯ, ಅಂದರೆ ಕಂತು ನಿಲ್ಲಿಸಿದ ಮೇಲೂ ಉಳಿಯುವ ವಿಮಾ ಮೊತ್ತ. ವಿಮಾ ಮೊತ್ತ 5 ಲಕ್ಷ, 20 ವರ್ಷ ಕಂತು ಕಟ್ಟಬೇಕು, 6 ವರ್ಷ ಕಟ್ಟಿ ನಿಲ್ಲಿಸಿದ. ಕಟ್ಟಿದ ಕಂತನ್ನು ಕಟ್ಟಬೇಕಾದ ಕಂತಿನಿಂದ ಭಾಗಿಸಿ ವಿಮಾ ಮೊತ್ತದಿಂದ ಗುಣಿಸಿ. 1,50,000. ಅದರ ಜೊತೆಗೆ ಅಲ್ಲಿಯವರೆಗೆ ಸೇರಿದ ಬೋನಸ್.

ಮೂರನೆಯದು ಬೋನಸ್. ಸಾವಿರಕ್ಕೆ ಇಷ್ಟು ಎಂದು ಘೋಷಿಸುತ್ತಾರೆ. ಸಾವಿರಕ್ಕೆ 45 ರೂಪಾಯಿ ಎಂದರೆ 5 ಲಕ್ಷದ ಪಾಲಿಸಿಗೆ ಆ ವರ್ಷ 22,500. ಈ ಹಣ ಆಗಲೇ ಕೈಗೆ ಬರುವುದಿಲ್ಲ, ಪಾಲಿಸಿಗೆ ಸೇರುತ್ತಾ ಹೋಗುತ್ತದೆ.

ಒಂದು ಅಭ್ಯಾಸ ಕೊಡುತ್ತೇನೆ: ವಿಮಾ ಮೊತ್ತ 2 ಲಕ್ಷ, ಅವಧಿ 16 ವರ್ಷ, ಅರ್ಧವಾರ್ಷಿಕ ಕಂತು, 10 ಕಂತು ಕಟ್ಟಿದ್ದಾರೆ. ಪೇಡ್‌ಅಪ್ ಎಷ್ಟು?

ಕೊಪ್ಪಳದ ಹೊಸ ಅಭ್ಯರ್ಥಿ

ನಾನೂ ಇದೇ ತಿಂಗಳು ಬರೆಯುತ್ತಿದ್ದೇನೆ. ವಯಸ್ಸಿನ ದಾಖಲೆಗಳಲ್ಲಿ ಗೊಂದಲವಿದೆ. ನಮ್ಮ ಕಡೆ ಹಿರಿಯರಿಗೆ ಜಾತಕ ಬಿಟ್ಟರೆ ಬೇರೆ ದಾಖಲೆ ಇರುವುದು ಕಡಿಮೆ. ಅದು ನಡೆಯುತ್ತದೆಯೇ?

ಚಿತ್ರದುರ್ಗದ ಏಜೆಂಟ್

ದಾಖಲೆಗಳು ಎರಡು ದರ್ಜೆಯವು. ಶಾಲಾ ಪ್ರಮಾಣಪತ್ರ, ಜನನ ದಾಖಲೆಯ ಪ್ರತಿ, ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ಇವೆಲ್ಲ ಸ್ಟ್ಯಾಂಡರ್ಡ್. ಜಾತಕ, ಪಡಿತರ ಚೀಟಿ, ಗ್ರಾಮ ಪಂಚಾಯಿತಿಯ ಪತ್ರ, ಸ್ವಯಂ ಘೋಷಣೆಯ ಅಫಿಡವಿಟ್ ಇವು ನಾನ್-ಸ್ಟ್ಯಾಂಡರ್ಡ್. "ಕೆಳಗಿನವುಗಳಲ್ಲಿ ಸ್ಟ್ಯಾಂಡರ್ಡ್ ಅಲ್ಲದ್ದು ಯಾವುದು?" ಎಂಬ ಪ್ರಶ್ನೆ ಬಂದು ಆಯ್ಕೆಗಳಲ್ಲಿ ಜಾತಕವಿದ್ದರೆ ಕಣ್ಣುಮುಚ್ಚಿ ಅದನ್ನೇ ಒತ್ತಿ.

ಇನ್ನು ಕಾಯ್ದೆಯ ಸೆಕ್ಷನ್‌ಗಳು. 38 ಅಸೈನ್‌ಮೆಂಟ್, 39 ನಾಮಿನಿ, 41 ರಿಯಾಯಿತಿ ನಿಷೇಧ, 45 ಮೇಲೆ ಹೇಳಿದ್ದು, 64ವಿಬಿ ಎಂದರೆ ಕಂತು ಕೈಸೇರದೆ ರಿಸ್ಕ್ ಇಲ್ಲ. 41ರ ಬಗ್ಗೆ ಒಂದು ಮಾತು. "ಮೊದಲ ಕಂತಿನಲ್ಲಿ ನಿಮ್ಮ ಕಮಿಷನ್ ಬಿಟ್ಟುಕೊಡಿ" ಎಂದು ಕೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ, 10 ಲಕ್ಷದವರೆಗೆ ದಂಡವಿದೆ. ಕಾನೂನು ಹಾಗಿರಲಿ, ರಿಯಾಯಿತಿಯ ಆಸೆಗೆ ಪಾಲಿಸಿ ಮಾಡಿಸಿದವನು ಎರಡನೆಯ ಕಂತು ಕಟ್ಟುವುದು ಅಪರೂಪ. ಬಿಮಾ ಸಖಿಯರಿಗೆ ಇದು ನೇರವಾಗಿ ತಟ್ಟುತ್ತದೆ: ತಿಂಗಳಿಗೆ ಮೊದಲ ವರ್ಷ 7,000, ಆಮೇಲೆ 6,000, ಮೂರನೆಯ ವರ್ಷ 5,000 ಎಂದು ಕೊಡುವ ಸಹಾಯಧನ ಮುಂದುವರಿಯಬೇಕಾದರೆ ಹಿಂದಿನ ವರ್ಷದ ಪಾಲಿಸಿಗಳಲ್ಲಿ ಶೇ. 65ರಷ್ಟಾದರೂ ಚಾಲ್ತಿಯಲ್ಲಿರಬೇಕು.

ಬೆಳ್ತಂಗಡಿಯವಳು

ನನ್ನದೊಂದು ಪ್ರಶ್ನೆ. ನಮ್ಮಂಥವರು ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತೇ? ಆಗ ಯಾರೂ ಹೇಳಲಿಲ್ಲ.

ನಿವೃತ್ತ ಶಾಖಾಧಿಕಾರಿ, ಹಾಸನ

ಹೋಗಬಹುದಿತ್ತು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬೇಕು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ತೀರ್ಪು ನಿಮ್ಮ ಕಡೆ ಬರುತ್ತಿತ್ತು ಎಂದು ನಾನು ಹೇಳಲಾರೆ, ಫಾರಂನಲ್ಲಿ ತಂದೆಯವರ ಸಹಿ ಇತ್ತಲ್ಲ. ಆದರೆ ನಿಮ್ಮ ಮಾತನ್ನು ಕೇಳುವ ಒಂದು ಜಾಗವಂತೂ ಇತ್ತು. ಅದನ್ನು ಹೇಳಬೇಕಾಗಿದ್ದವರು ನಿಮ್ಮ ಏಜೆಂಟ್.

ದಾವಣಗೆರೆ ಬಿ.ಕಾಂ.

ಬೆಳ್ತಂಗಡಿಯವರ ಬರಹ ಓದಿದೆ. ಪಾಸಾಗುವ ವಿಷಯದಲ್ಲಿ ನಾನು ಹೇಳಿದ ಲೆಕ್ಕ ಸರಿಯೇ. ಆದರೆ ಪ್ರಪೋಸಲ್ ಫಾರಂನ ಅಧ್ಯಾಯವನ್ನು ಎಲ್ಲರೂ ಓದಲೇಬೇಕು ಎಂಬುದನ್ನು ಒಪ್ಪುತ್ತೇನೆ. ನಾನೂ ಇಂದು ರಾತ್ರಿ ಅದನ್ನು ಮತ್ತೆ ತೆಗೆಯುತ್ತೇನೆ.

ಸೊರಬದ ಗೃಹಿಣಿ

ಗದಗಿನ ಮೇಷ್ಟರೇ, ನಿಮ್ಮ ಲೆಕ್ಕಕ್ಕೆ ಉತ್ತರ 62,500. ಅರ್ಧವಾರ್ಷಿಕವಾದ್ದರಿಂದ ಒಟ್ಟು 32 ಕಂತು, ಅದರಲ್ಲಿ 10 ಕಟ್ಟಿದ್ದಾರೆ. ಸರಿಯೇ?

ಒಪ್ಪಂದದ ತತ್ವಗಳನ್ನು ಎರಡು ಸಲ ಓದಿದೆ. ವಿಮಾ ಹಿತಾಸಕ್ತಿ (ವಿಮೆ ಮಾಡಿದ್ದಕ್ಕೆ ಏನಾದರೂ ಆದರೆ ನಮಗೆ ನಷ್ಟವಾಗುವಂಥ ಸಂಬಂಧ) ಜೀವ ವಿಮೆಯಲ್ಲಿ ಪಾಲಿಸಿ ಶುರುವಾಗುವಾಗ ಇದ್ದರೆ ಸಾಕು, ಬೆಂಕಿ ವಿಮೆಯಲ್ಲಿ ಶುರುವಿನಲ್ಲೂ ನಷ್ಟವಾದಾಗಲೂ ಇರಬೇಕು, ಸಾಗರ ವಿಮೆಯಲ್ಲಿ ನಷ್ಟವಾದಾಗ ಇರಬೇಕು ಎಂದು ಬರೆದುಕೊಂಡಿದ್ದೇನೆ. ಆದ ನಷ್ಟವನ್ನಷ್ಟೇ ತುಂಬಿಕೊಡುವ ನಷ್ಟ ಭರ್ತಿಯ ತತ್ವ ಜೀವ ವಿಮೆಗೆ ಅನ್ವಯಿಸುವುದಿಲ್ಲ, ಜೀವಕ್ಕೆ ಬೆಲೆ ಕಟ್ಟಲಾಗುವುದಿಲ್ಲ ಎಂಬುದೂ ಅರ್ಥವಾಯಿತು.

ನಾಮಿನಿಯ ಬಗ್ಗೆ ಒಂದು ಸಂಶಯ ಉಳಿದಿದೆ. ನಮ್ಮ ಸಂಘದಲ್ಲಿ ಗಂಡನನ್ನು ಕಳೆದುಕೊಂಡ ಸದಸ್ಯೆಯೊಬ್ಬಳಿದ್ದಾಳೆ. ಅವಳಿಗೆ ಇರುವುದು ಎಂಟು ವರ್ಷದ ಮಗಳು ಮಾತ್ರ. ಮಗಳನ್ನು ನಾಮಿನಿ ಮಾಡಬಹುದೇ?

ಗದಗಿನ ಶಿಕ್ಷಕ

62,500 ಸರಿ. 16ರಿಂದ ಭಾಗಿಸುವವರೇ ಹೆಚ್ಚು, ನೀವು 32 ಎಂದು ಹಿಡಿದಿರಿ. ಲೆಕ್ಕದ ಚಿಂತೆ ಬಿಡಿ.

ನಿವೃತ್ತ ಶಾಖಾಧಿಕಾರಿ, ಹಾಸನ

ಖಂಡಿತ ಮಾಡಬಹುದು. ನಾಮಿನಿ ಅಪ್ರಾಪ್ತ ವಯಸ್ಸಿನವಳಾದ್ದರಿಂದ ಅಪಾಯಿಂಟಿ ಎಂದು ಒಬ್ಬ ವಯಸ್ಕರನ್ನು ಹೆಸರಿಸಬೇಕು, ಅವರ ಒಪ್ಪಿಗೆಯ ಸಹಿಯನ್ನೂ ಪಡೆಯಬೇಕು. ಮಗಳಿಗೆ 18 ತುಂಬುವ ಮೊದಲು ಕ್ಲೇಮ್ ಬಂದರೆ ಹಣವನ್ನು ಅವಳ ಪರವಾಗಿ ಅಪಾಯಿಂಟಿ ಸ್ವೀಕರಿಸುತ್ತಾರೆ. 18 ತುಂಬಿದ ಮೇಲೆ ಅಪಾಯಿಂಟಿಯ ಪಾತ್ರ ಮುಗಿಯಿತು. ಇನ್ನೊಂದು ವಿಷಯ: 2015ರ ತಿದ್ದುಪಡಿಯ ನಂತರ ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಆ ಹಣದ ಹಕ್ಕೇ ಅವರದ್ದು, ಸುಮ್ಮನೆ ಪಡೆದು ಬೇರೆಯವರಿಗೆ ಹಂಚುವವರಲ್ಲ. ಆ ಸದಸ್ಯೆಗೆ ಇದನ್ನು ಬಿಡಿಸಿ ಹೇಳಿ. ಅಪಾಯಿಂಟಿಯನ್ನು ಅವಳೇ ಯೋಚಿಸಿ ಆರಿಸಲಿ, ನೀವು ಯಾರ ಹೆಸರನ್ನೂ ಸೂಚಿಸಬೇಡಿ.

ಕೊಪ್ಪಳದ ಹೊಸ ಅಭ್ಯರ್ಥಿ

ಕಂತಿನ ಮೇಲೆ ಜಿಎಸ್‌ಟಿ ಎಷ್ಟು ಎಂದು ಕೇಳಿದರೆ? ಪುಸ್ತಕದಲ್ಲಿ 18 ಎಂದಿದೆ.

ಚಿತ್ರದುರ್ಗದ ಏಜೆಂಟ್

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಗ್ರಾಹಕರು ಕೇಳಿದರೆ ಧೈರ್ಯವಾಗಿ ಹೇಳಿ.

ಸೊರಬದ ತಂಗಿ, ಪರೀಕ್ಷೆಗೆ ಹೋಗುವ ಮೊದಲು ಹಾಲ್ ಟಿಕೆಟ್ ತೆಗೆದು ನೋಡು. ಕೇಂದ್ರದಲ್ಲಿ ಬರೆಯುವುದೋ ಮನೆಯಲ್ಲಿಯೇ ಕ್ಯಾಮೆರಾ ಮುಂದೆ ಕುಳಿತು ಬರೆಯುವುದೋ ಎಂದು ಖಚಿತ ಮಾಡಿಕೋ. ಮನೆಯಲ್ಲಿ ಎಂದಾದರೆ ನೆಟ್‌ವರ್ಕ್ ಎಲ್ಲಿ ಚೆನ್ನಾಗಿ ಸಿಗುತ್ತದೆಯೋ ಆ ಕೋಣೆಯಲ್ಲಿ ಹಿಂದಿನ ದಿನವೇ ಪರೀಕ್ಷಿಸು, ಆ ಒಂದು ಗಂಟೆ ಮಕ್ಕಳನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ. ಆಧಾರ್, ಪ್ಯಾನ್ ಮತ್ತು ಹಾಲ್ ಟಿಕೆಟ್ ಮೂರರಲ್ಲಿಯೂ ಹೆಸರು ಒಂದೇ ರೀತಿ ಇದೆಯೇ ನೋಡು. ತವರಿನ ಇನಿಷಿಯಲ್ ಒಂದರಲ್ಲಿ, ಗಂಡನ ಮನೆಯದು ಇನ್ನೊಂದರಲ್ಲಿ ಇದ್ದು ತೊಂದರೆಯಾದ ಹೆಣ್ಣುಮಕ್ಕಳನ್ನು ನೋಡಿದ್ದೇನೆ.

ಸೊರಬದ ಗೃಹಿಣಿ

ಅಣ್ಣ, ನೀವು ಹೇಳಿದ್ದು ಒಳ್ಳೆಯದಾಯಿತು. ಪ್ಯಾನ್‌ನಲ್ಲಿ ತಂದೆಯ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಯಜಮಾನರದ್ದು. ನಾಳೆ ಬೆಳಿಗ್ಗೆ ಶಾಖೆಗೆ ಹೋಗಿ ಕೇಳಿಕೊಂಡು ಬರುತ್ತೇನೆ. ಕ್ಲೇಮ್‌ನ ಅಧ್ಯಾಯ ಇನ್ನೂ ಬಾಕಿ ಇದೆ, ಬಸ್ಸಿನಲ್ಲಿ ಓದಿಕೊಳ್ಳುತ್ತೇನೆ.